ನಡುವಿನ ಎಳೆ

ವಂಗದೇಶದಲ್ಲಿ, ನದಿ ನೂರು ಬಾಯಾಗಿ ಸಮುದ್ರ ಸೇರುವ ಕಡೆ, ನೀರು ದಿನಕ್ಕೆರಡು ಸಲ ಹಿಂದಕ್ಕೆ ಹರಿಯುವ ಊರೊಂದಿತ್ತು. ಇಳಿತದಲ್ಲಿ ಹೋದ ನೀರು ಉಬ್ಬರದಲ್ಲಿ ತಿರುಗಿ ಬರುತ್ತಿತ್ತು. ಅಳುವ ಮಕ್ಕಳನ್ನು ಸುಮ್ಮನಿರಿಸಲು ಊರಿನವರು ನದಿಯನ್ನೇ ತೋರಿಸುತ್ತಿದ್ದರು: ನೋಡು, ಹೋದದ್ದು ಬರುತ್ತದೆ. ಹೋದದ್ದೆಲ್ಲ ಬರುವುದಿಲ್ಲ ಎಂಬುದು ದೊಡ್ಡವರಿಗೆ ಗೊತ್ತಿತ್ತು. ಅದನ್ನು ಅವರು ತಮ್ಮ ತಮ್ಮಲ್ಲೇ ಇಟ್ಟುಕೊಂಡಿದ್ದರು.

ಊರಿನಲ್ಲಿ ನೂರಿಪ್ಪತ್ತು ಮನೆ. ಮನೆಗೊಂದು ಕೊಳ, ಕೊಳದ ದಂಡೆಗೆ ಸೆಣಬು. ಸೆಣಬಿನ ಕಡ್ಡಿಯನ್ನು ಕೊಳದಲ್ಲಿ ಕೊಳೆಹಾಕಿ, ನಾರು ಸುಲಿದು, ಬಿದಿರ ಗಳುವಿನ ಮೇಲೆ ಒಣಹಾಕುತ್ತಿದ್ದರು. ಬಿಸಿಲಿನ ದಿನ ಊರಿಗೂರೇ ಹೊಂಬಣ್ಣದ ಕೂದಲು ಹರವಿಕೊಂಡು ಕೂತ ಹಾಗೆ ಕಾಣುತ್ತಿತ್ತು. ಆ ನಾರನ್ನು ಹಗ್ಗ ಮಾಡುವ ಮನೆ ಮಾತ್ರ ಒಂದೇ. ಆ ಮನೆಯ ಹೆಂಗಸನ್ನು ಊರು ಹೊಸೆಯುವವಳು ಎಂದೇ ಕರೆಯುತ್ತಿತ್ತು. ಅವಳ ಅತ್ತೆಯನ್ನೂ ಹಾಗೆಯೇ ಕರೆದಿತ್ತು. ಅತ್ತೆ ಎಡಚಿ, ಅವಳ ಹಗ್ಗದ ಹುರಿ ಎಡಕ್ಕೆ ಓಡುತ್ತಿತ್ತು. ಸೊಸೆಯದು ಬಲಕ್ಕೆ. ಯಾವ ಹಗ್ಗ ಯಾರದೆಂದು ನೋಡಿದರೇ ಗೊತ್ತಾಗುತ್ತಿತ್ತು.

ಹಗ್ಗ ಹೊಸೆಯುವವರು ಹಿಂದೆ ಹಿಂದೆ ನಡೆಯಬೇಕು. ನಾರಿನ ತುದಿಯನ್ನು ಗೂಟದ ಕೊಂಡಿಗೆ ಸಿಕ್ಕಿಸಿ, ಉಳಿದ ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಬೆರಳಲ್ಲಿ ಬಿಡುತ್ತ, ಅಂಗೈಯಲ್ಲಿ ತಿರುಚುತ್ತ, ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿಯಬೇಕು. ಕಣ್ಣು ಗೂಟದ ಮೇಲೆ, ಬೆನ್ನು ಹೋಗುವ ದಿಕ್ಕಿಗೆ. ಅಂಗಾಲಿಗೆ ನದಿಯ ನೀರು ತಾಗಿದರೆ ಹಗ್ಗ ಮುಗಿಯಿತೆಂದು ಅರ್ಥ. ಹೊಸೆಯುವವಳು ಮೂವತ್ತು ವರ್ಷ ಹೀಗೆಯೇ ನಡೆದಿದ್ದಳು. ಎಲ್ಲಿಂದ ಹೊರಟೆ ಎಂಬುದು ಸದಾ ಅವಳ ಕಣ್ಣೆದುರಿಗಿತ್ತು. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಅವಳು ಒಮ್ಮೆಯೂ ನೋಡಿರಲಿಲ್ಲ.

ಹಡಗಿನವರು ಬಂದದ್ದು ಅತ್ತೆಯ ಕಾಲದಲ್ಲಿ. ಬಂದವರು ಕುಡಿಯಲು ನೀರು ಕೇಳಿದರು, ಕೊಟ್ಟರು. ಹಡಗು ಕಟ್ಟಲು ಗೂಟ ಕೇಳಿದರು, ಕೊಟ್ಟರು. ಗೂಟಕ್ಕೆ ಹಗ್ಗ ಕೇಳಿದರು, ಅತ್ತೆ ಹೊಸೆದುಕೊಟ್ಟಳು. ಗೂಟದ ಪಕ್ಕ ಕೋಟೆ ಕಟ್ಟುವಾಗ ಮಾತ್ರ ಅವರು ಯಾರನ್ನೂ ಏನೂ ಕೇಳಲಿಲ್ಲ. ಕೋಟೆಯ ಬಾಗಿಲಲ್ಲಿ ಒಂದು ಕಲ್ಲು ನೆಟ್ಟು ಅದರ ಮೇಲೆ ಊರಿಗೊಂದು ಕಟ್ಟಳೆ ಕೆತ್ತಿಸಿದರು.

ಕಟ್ಟಳೆ ಹೀಗಿತ್ತು. ಈ ಊರಿನಲ್ಲಿ ಯಾರನ್ನಾದರೂ ಗಲ್ಲಿಗೇರಿಸಬೇಕಾದರೆ ಅದರ ಹಗ್ಗಕ್ಕೆ ಪ್ರತಿ ಮನೆಯೂ ಒಂದು ಎಳೆ ಕೊಡಬೇಕು. ಒಂದೇ ಒಂದು ಮನೆಯ ಎಳೆ ಕಡಿಮೆಯಾದರೂ ಅದು ಹಗ್ಗವಲ್ಲ.

‘ನಾವು ಯಾರನ್ನೂ ಕೊಲ್ಲುವುದಿಲ್ಲ’ ಎನ್ನುತ್ತಿದ್ದ ಹಡಗಿನ ದೊರೆ. ನಿಜವೇ. ಅವನ ಕೈಗೆ ಸದಾ ಬಿಳಿಯ ಕೈಗವಸು. ಹಗ್ಗ ಊರಿನದು, ಅದನ್ನು ಎಳೆಯುವ ಕೈಯೂ ಊರಿನದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ನಾವು ಗಾದೆ ಹೇಳುತ್ತೇವೆ. ಹಡಗಿನವರು ಅದನ್ನು ತಿರುವಿ ಕಲಿತಿದ್ದರು. ಒಂದು ಕೊಲೆಯನ್ನು ನೂರಿಪ್ಪತ್ತು ಕಡ್ಡಿ ಮಾಡಿ ಹಂಚಿಬಿಟ್ಟರೆ ಅದು ಯಾರ ತಲೆಗೂ ಭಾರವಾಗುವುದಿಲ್ಲ.

ಎಳೆ ಕೊಡದ ಮನೆ ಮನೆಯೇ ಅಲ್ಲ, ಆ ಮನೆಯವರನ್ನು ಕರಿನೀರಿನ ಆಚೆಯ ದ್ವೀಪಕ್ಕೆ ಸಾಗಿಸಿ ಬಾಗಿಲು ಕಿತ್ತು ನದಿಗೆ ಬಿಡಲಾಗುವುದು ಎಂದೂ ಕಲ್ಲಿನ ಮೇಲಿತ್ತು. ಹಾಗಾದದ್ದನ್ನು ಯಾರೂ ಕಂಡಿರಲಿಲ್ಲ, ಏಕೆಂದರೆ ಎಳೆ ಕೊಡದ ಮನೆ ಇರಲಿಲ್ಲ. ದೊರೆಯ ಮಾತನ್ನು ಊರಿಗೆ ದಾಟಿಸಲು ಊರಿನವನೇ ಒಬ್ಬ ದುಭಾಷಿಯಿದ್ದ. ತೀರ್ಪಾದ ಮೇಲೆ ಗೊತ್ತುಮಾಡಿದ ಬೆಳಿಗ್ಗೆ ಅವನು ಬುಟ್ಟಿ ಹಿಡಿದು ಗಂಟೆ ಆಡಿಸುತ್ತ ಬರುತ್ತಿದ್ದ. ಹೊಸಿಲಿನ ಮೇಲೆ ಎಳೆ ಇರುತ್ತಿತ್ತು. ಅದನ್ನು ಇಟ್ಟವರು ಯಾರೆಂದು ಯಾವ ಮನೆಯಲ್ಲೂ ಯಾರೂ ಕೇಳುತ್ತಿರಲಿಲ್ಲ.

ಹೊಸೆಯುವವಳು ಹೊಸೆದ ಮೊದಲ ನೇಣು ಮೇಷ್ಟ್ರದು. ಮೇಷ್ಟ್ರು ಒಂದು ದಿನ ಮಕ್ಕಳಿಗೆ ಊರಿನ ಚಿತ್ರ ಬರೆಯಲು ಹೇಳಿದರು. ಕೊಳ ಬರೆಯಿರಿ, ಮನೆ ಬರೆಯಿರಿ, ನದಿ ಬರೆಯಿರಿ ಎಂದರು. ಕೋಟೆ ಬರೆಯಿರಿ ಎನ್ನಲು ಮರೆತರು, ಅಥವಾ ಮರೆತ ಹಾಗೆ ಮಾಡಿದರು. ನಲವತ್ತು ಸ್ಲೇಟುಗಳ ಮೇಲೆ ಕೋಟೆಯಿಲ್ಲದ ಊರು ಮೂಡಿತು. ಅಷ್ಟಕ್ಕೇ ತೀರ್ಪಾಯಿತು.

ಆ ನಲವತ್ತರಲ್ಲಿ ಒಂದು ಸ್ಲೇಟು ಹೊಸೆಯುವವಳ ಮಗಳದು. ನೇಣು ಹರಿದರೆ ದೇವಿ, ಕಪ್ಪು ತಾಯಿ, ಈ ಬಲಿ ಬೇಡವೆಂದಳು ಎಂದರ್ಥ, ಮನುಷ್ಯನನ್ನು ಬಿಟ್ಟುಬಿಡಬೇಕು ಎಂದು ಅತ್ತೆ ಹೇಳುತ್ತಿದ್ದಳು. ಅದನ್ನು ನಂಬಿ ಹೊಸೆಯುವವಳು ಅಂದು ಹುರಿಯನ್ನು ಸಡಿಲ ಬಿಟ್ಟಳು. ಹಗ್ಗ ಹರಿಯಿತು. ಮೇಷ್ಟ್ರು ನೆಲಕ್ಕೆ ಬಿದ್ದು, ಉಸಿರೆಳೆದು, ಕಣ್ಣು ತೆರೆದು ಆಕಾಶ ನೋಡಿದರು. ಊರು ಶಂಖ ಊದಿತು. ಆದರೆ ಅತ್ತೆಯ ಮಾತು ಹಡಗಿನವರಿಗೆ ಗೊತ್ತಿರಲಿಲ್ಲ. ಹರಿದ ಹಗ್ಗಕ್ಕೆ ಗಂಟು ಹಾಕಿಸಿ ಮತ್ತೆ ಏರಿಸಿದರು. ಒಂದು ಸಲ ಸಾಯಬೇಕಾದ ಮನುಷ್ಯ ಅವಳ ಕರುಣೆಯಿಂದಾಗಿ ಎರಡು ಸಲ ಸತ್ತ.

ಅಂದಿನಿಂದ ಅವಳು ಗಟ್ಟಿಯಾಗಿ ಹೊಸೆದಳು. ಎಳೆ ಊರಿನದು, ಕಟ್ಟಳೆ ಹಡಗಿನವರದು, ಗಟ್ಟಿ ಹೊಸೆಯುವ ದಯೆಯಷ್ಟೇ ನನ್ನದು ಎಂದು ತನಗೆ ತಾನೇ ಹೇಳಿಕೊಂಡಳು. ಹೀಗೆ ಮೇಷ್ಟ್ರದೂ ಸೇರಿ ಐದು ಹಗ್ಗವಾಯಿತು. ಆರನೆಯದನ್ನು ಹೊಸೆದು ಮನೆಗೆ ಬಂದ ಮಧ್ಯಾಹ್ನ ಮಗಳು ತಟ್ಟೆಯ ಮುಂದಿನಿಂದ ಎದ್ದಳು.

‘ಅವ್ವಾ, ಈ ಕೈಯಲ್ಲಿ ಬಡಿಸಿದ ಅನ್ನ ನನಗೆ ಗಂಟಲಲ್ಲಿ ಇಳಿಯಲ್ಲ.’

ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಾಯಿ ಎದುರು ಮಾತಾಡುತ್ತಿದ್ದಳು, ಜಗಳವಾಗುತ್ತಿತ್ತು, ಸಂಜೆಗೆ ಸರಿಹೋಗುತ್ತಿತ್ತು. ಮಗಳು ಕೆಂಪಂಚಿನ ಒಂದು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಗರಡಿಯವರ ಜೊತೆ ಹೋದಳು.

ಗರಡಿಯವರೆಂದರೆ ಊರಾಚೆ, ಜೊಂಡಿನ ಬಯಲಿನಲ್ಲಿ ದೊಣ್ಣೆವರಸೆ ಕಲಿಯುತ್ತಿದ್ದವರು. ನೋಡುವವರಿಗೆ ಅದು ವ್ಯಾಯಾಮ. ಒಳಗೆ ಅವರು ಹಡಗಿನವರನ್ನು ಓಡಿಸುವೆವೆಂದು ಕಪ್ಪು ತಾಯಿಯ ಎದುರು ಒಂದು ಕೈ ಕತ್ತಿಯ ಮೇಲೆ, ಒಂದು ಕೈ ಪುಸ್ತಕದ ಮೇಲೆ ಇಟ್ಟು, ದಾಸವಾಳದ ಹೂ ಬಾಯಲ್ಲಿ ಕಚ್ಚಿಕೊಂಡು ಹೆಸರು ಬಿಡುತ್ತಿದ್ದರು. ಹೆಸರಿದ್ದರೆ ತಾನೇ ಹೊಡೆದು ಬಾಯಿ ಬಿಡಿಸುವುದು? ಅಂದಿನಿಂದ ಅವರು ಒಬ್ಬರನ್ನೊಬ್ಬರು ‘ಏ’ ಎಂದು ಮಾತ್ರ ಕರೆಯುತ್ತಿದ್ದರು. ಒಂದೇ ಬುಟ್ಟಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ನಾಳೆ ಸಾಯುವವರ ಹಾಗೆ ಬೈದಾಡಿಕೊಂಡು ನಗುತ್ತಿದ್ದರು. ತೆಂಗಿನ ಕರಟದೊಳಗೆ ಸಿಡಿಮದ್ದು ತುಂಬಿ, ನಾರು ಸುತ್ತಿ, ಒಣಗಲು ಇಡುತ್ತಿದ್ದರು.

ಅಂಥ ಒಂದು ಕರಟವನ್ನು ಮಗಳು ದೊರೆಯ ಕುದುರೆಗಾಡಿಗೆ ಎಸೆದಳು.

ಗಾಡಿಯ ಪರದೆ ಎಳೆದಿದ್ದರೆ ಒಳಗೆ ದೊರೆ ಇದ್ದಾನೆ, ಪರದೆ ಸರಿಸಿದ್ದರೆ ಇಲ್ಲ. ಇದು ಊರಿಗೆಲ್ಲ ತಿಳಿದ ಗುರುತು. ಆ ದಿನ ದೊರೆಗೆ ನೆಗಡಿ. ಖಾಲಿ ಗಾಡಿಯಲ್ಲಿ ಗಾಡಿಯವನು ನದಿಗೆ ಹೋಗಿ ಮೀನು ತರುತ್ತಿದ್ದ. ಬಿಸಿಲಿಗೆ ಕೆಡದಿರಲೆಂದು ಪರದೆ ಎಳೆದಿದ್ದ. ಗಾಡಿಯವನು ಊರಿನವನು. ಮಗಳು ಚಿಕ್ಕವಳಿದ್ದಾಗ ಅವನ ಭುಜದ ಮೇಲೆ ಕೂತು ಊರು ಸುತ್ತಿದ್ದಳು. ಹೊಗೆ ತಿಳಿಯಾದಾಗ ದಾರಿಯ ತುಂಬ ಮೀನು, ಮೀನಿನ ನಡುವೆ ಅವನು. ಅವಳು ಓಡಲಿಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಡಗಿನವರು ಬಂದು ಹಿಡಿಯುವವರೆಗೂ ಅಲ್ಲೇ ಕೂತಿದ್ದಳು.

ತೀರ್ಪಾಯಿತು. ಗಲ್ಲಿಗೆ ಹೋಗುವವರನ್ನು ನೋಡಲು ಹೆತ್ತವರಿಗೆ ಒಂದು ಮಧ್ಯಾಹ್ನ ಸಿಗುತ್ತಿತ್ತು. ಹೊಸೆಯುವವಳು ಕೋಟೆಗೆ ಹೋಗಿ ಕಬ್ಬಿಣದ ಸರಳುಗಳ ಈಚೆ ಕುಳಿತಳು.

‘ಅವ್ವಾ, ನೋಡು, ಎಷ್ಟು ದಪ್ಪ ಆಗಿದೀನಿ’ ಎಂದು ಮಗಳು ನಕ್ಕಳು. ತೀರ್ಪಾದವರನ್ನು ಹಡಗಿನವರು ದಿನವೂ ತೂಗುತ್ತಿದ್ದರು. ಭಯಕ್ಕೆ ಕರಗಿಹೋಗುವ ಮೈಗಳನ್ನೇ ಅವರು ಕಂಡದ್ದು. ಇವಳು ದಿನದಿನಕ್ಕೆ ಭಾರವಾಗುತ್ತಿದ್ದಳು. ತಕ್ಕಡಿ ಕೆಟ್ಟಿದೆಯೆಂದು ಎರಡು ಸಲ ಬದಲಾಯಿಸಿದ್ದರು.

ತಾಯಿಗೆ ನಗು ಬರಲಿಲ್ಲ. ಸರಳಿನೊಳಗೆ ಕೈ ತೂರಿಸಿ ಮಗಳ ಕೆನ್ನೆ ಮುಟ್ಟಿದಳು. ತನ್ನ ಅಂಗೈಯ ಒರಟು ಅವಳಿಗೆ ಚುಚ್ಚುತ್ತದೇನೋ ಎಂದು ಹಿಂದಕ್ಕೆ ತೆಗೆದುಕೊಂಡಳು. ಮಗಳು ಆ ಕೈಯನ್ನು ಬಿಡಲಿಲ್ಲ.

‘ಹಗ್ಗ ಗಟ್ಟಿಯಾಗಿ ಹೊಸಿ ಅವ್ವಾ. ಮೇಷ್ಟ್ರಿಗೆ ಮಾಡಿದ ಹಾಗೆ ಮಾಡಬೇಡ.’

‘ನಿನಗೆ ಗೊತ್ತಿತ್ತಾ?’

‘ನಿನ್ನ ಕೈ ಹುರಿ ನನಗೆ ಗೊತ್ತಾಗಲ್ವಾ? ಅವತ್ತೇ ಗೊತ್ತಾಯ್ತು. ನೀನು ಸಡಿಲ ಬಿಟ್ಟೆ ಅಂತ ನಾನು ಮನೆ ಬಿಡಲಿಲ್ಲ. ಆಮೇಲೆ ಗಟ್ಟಿಯಾಗಿ ಹೊಸೆದೆಯಲ್ಲ, ಅದಕ್ಕೆ ಬಿಟ್ಟೆ. ಈಗ ನೋಡು, ಅದನ್ನೇ ಕೇಳ್ತಾ ಇದೀನಿ.’

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳ ದನಿ ಬದಲಾಯಿತು.

‘ಇನ್ನೊಂದು ಮಾತು. ದೊರೆಗೆ ನಾನು ತಲೆ ತಗ್ಗಿಸಿಲ್ಲ, ತಗ್ಗಿಸೋದೂ ಇಲ್ಲ. ಆದರೆ ಗಾಡಿಯವನ ಹೆಂಡತಿ ಹತ್ತಿರ ತಗ್ಗಿಸಬೇಕು. ನನ್ನ ಕಾಲು ಅಲ್ಲಿಗೆ ಹೋಗೋ ಹಾಗಿಲ್ಲ, ನೀನು ಹೋಗು. ಎಲ್ಲಾ ಮನೆ ಎಳೆ ಬಂದಾಗ ಅವಳ ಎಳೆ ನಡುವೆ ಹಾಕು. ನಡುವಿನ ಎಳೆ ಮೇಲೆ ತಾನೇ ಉಳಿದಿದ್ದೆಲ್ಲ ನಿಲ್ಲೋದು? ಈ ಊರಲ್ಲಿ ನನ್ನ ಮೇಲೆ ಹಕ್ಕಿರೋದು ಅವಳೊಬ್ಬಳಿಗೇ. ಹಾಗಂತ ಹೇಳು.’

ಹೊಸೆಯುವವಳು ಗಟ್ಟಿ ಹೊಸೆಯುತ್ತೇನೆ ಎಂದು ಮಗಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಹೆತ್ತವಳು ಕೊಡಬಾರದ ಮಾತು ಅದು. ಬೇರೆ ಏನನ್ನೂ ಕೊಡುವುದಕ್ಕೆ ಅವಳ ಹತ್ತಿರ ಇರಲಿಲ್ಲ.

ಕೋಟೆಯಿಂದ ನೆಟ್ಟಗೆ ಗಾಡಿಯವನ ಮನೆಗೆ ನಡೆದಳು. ಗಾಡಿಯವನ ಹೆಂಡತಿ ಕೊಳದ ಮೆಟ್ಟಿಲ ಮೇಲೆ, ಗಂಡ ಸತ್ತಾಗ ಒಡೆದ ಶಂಖದ ಬಳೆಗಳ ಗುರುತಿದ್ದ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೊಸೆಯುವವಳು ಮೆಟ್ಟಿಲಿನ ಕೆಳಗೆ, ಕೆಸರಿನಲ್ಲಿ, ಹಣೆ ಹಚ್ಚಿ ಮಗಳ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

ಗಾಡಿಯವನ ಹೆಂಡತಿ ಬಾಗಿ ಅವಳ ತೋಳು ಹಿಡಿದಳು.

‘ಮೀನು ಬೇಕು ಅಂದವಳು ನಾನೇ’ ಎಂದಳು. ‘ಏಳಕ್ಕಾ. ಕೆಸರು.’

ಮರುದಿನ ಬೆಳಿಗ್ಗೆ ದುಭಾಷಿ ಗಂಟೆ ಆಡಿಸುತ್ತ ಹೊರಟ. ನೂರ ಹತ್ತೊಂಬತ್ತು ಹೊಸಿಲಿನ ಮೇಲೆ ಎಳೆ ಇತ್ತು. ಗಾಡಿಯವನ ಹೊಸಿಲು ಬರಿದಾಗಿತ್ತು. ದುಭಾಷಿ ಮೊದಲು ಮರೆವಿರಬೇಕೆಂದು ಎರಡು ಸಲ ಗಂಟೆ ಬಾರಿಸಿದ. ಆಮೇಲೆ ಅವನ ಕೈಯಿಂದ ಗಂಟೆ ಜಾರಿತು. ಊರು ಸೇರಿತು. ದೊರೆಯೇ ನಡೆದು ಬಂದ.

‘ದೊರೆಗಳು ಕೇಳ್ತಾರೆ’ ಎಂದ ದುಭಾಷಿ, ‘ನಿನ್ನ ಗಂಡನನ್ನ ಕೊಂದವಳಿಗೆ ಶಿಕ್ಷೆ ಆಗೋದು ನಿನಗೆ ಬೇಡವಾ ಅಂತ.’

‘ಗಂಡನಿಗೆ ನಾನು ಅಳ್ತಾ ಇದೀನಿ’ ಎಂದಳು ಗಾಡಿಯವನ ಹೆಂಡತಿ. ‘ನನ್ನ ಅಳುವನ್ನ ನೀವು ಹಗ್ಗ ಮಾಡ್ಕೋಬೇಡಿ. ಆ ಹುಡುಗಿ ತಪ್ಪು ಮಾಡಿದಳು, ತಪ್ಪು ಅಂತ ನನ್ನ ಮೆಟ್ಟಿಲಿಗೆ ಹೇಳಿ ಕಳಿಸಿದಳು. ನೀವು ಆರು ಜನರನ್ನ ತೂಗುಹಾಕಿದಿರಿ. ಒಂದು ಮೆಟ್ಟಿಲಿಗಾದರೂ ಬಂದಿರಾ?’

‘ಅಂದರೆ ಅವಳನ್ನ ಕ್ಷಮಿಸಿದೆಯಾ ಅಂತ ಕೇಳ್ತಾರೆ.’

‘ಕ್ಷಮಿಸಿಲ್ಲ. ಕ್ಷಮಿಸೋದು ಬಿಡೋದು ನನಗೂ ಅವಳಿಗೂ ಬಿಟ್ಟಿದ್ದು. ನಡುವೆ ನೀವ್ಯಾರು?’

ದುಭಾಷಿ ಈ ಕೊನೆಯ ಮಾತನ್ನು ದಾಟಿಸಲಿಲ್ಲ. ದೊರೆಗೆ ಹೇಗೋ ಅರ್ಥವಾಯಿತು.

ಅವಳನ್ನು ದ್ವೀಪದ ದೋಣಿಗೆ ಹತ್ತಿಸಿದರು. ಬಾಗಿಲನ್ನು ಕಿತ್ತು ನದಿಗೆ ಬಿಟ್ಟರು. ಮಾವಿನ ಹಲಗೆಯ ಬಾಗಿಲು ಇಳಿತದ ನೀರಿನಲ್ಲಿ ಮಲಗಿಕೊಂಡು, ಅರಿಸಿನ ಕುಂಕುಮದ ಗುರುತನ್ನು ಆಕಾಶಕ್ಕೆ ತೋರಿಸುತ್ತ, ನಿಧಾನವಾಗಿ ಸಮುದ್ರದ ಕಡೆಗೆ ಹೋಯಿತು. ಊರು ದಂಡೆಯಲ್ಲಿ ನಿಂತು ನೋಡಿತು. ಊರು ಒಂದು ಬಾಗಿಲು ಹೋಗುವುದನ್ನು ನೋಡಿದ್ದು ಅದೇ ಮೊದಲು.

ಈಗ ಊರೆಂದರೆ ನೂರ ಹತ್ತೊಂಬತ್ತು ಮನೆ. ಊರು ಬದಲಾದರೆ ಎಳೆಗಳನ್ನು ಹೊಸದಾಗಿ ಕೂಡಿಸಬೇಕು. ಮರುದಿನ ದುಭಾಷಿ ಮತ್ತೆ ಹೊರಟ. ಶಂಖ ಕೊಯ್ದು ಬಳೆ ಮಾಡುವವನ ಹೊಸಿಲು ಬರಿದಾಗಿತ್ತು. ‘ಅಷ್ಟೆಲ್ಲ ಕಳಕೊಂಡ ಆ ಹೆಂಗಸೇ ಕೊಡಲಿಲ್ಲ. ನಾನು ಯಾವ ಮುಖ ಇಟ್ಟುಕೊಂಡು ಕೊಡಲಿ?’ ಎಂದ ಅವನು. ಅವನ ದೋಣಿ ಹೋಯಿತು, ಅವನ ಬಾಗಿಲು ಹೋಯಿತು. ಅದರ ಮರುದಿನ ಮೀನಿನವಳು. ಆಮೇಲೆ ಮೇಷ್ಟ್ರ ತಮ್ಮ. ಅಣ್ಣನ ಹಗ್ಗಕ್ಕೂ ಎಳೆ ಕೊಟ್ಟಿದ್ದ ಅವನು ದೋಣಿ ಹತ್ತುವಾಗ ಊರಿಗೆಲ್ಲ ಕೇಳುವಂತೆ ಅತ್ತ.

ಒಂದು ಬಾಗಿಲು ಹೋದರೆ ಮಗಳಿಗೆ ಒಂದು ದಿನ. ಹೊಸೆಯುವವಳಿಗೆ ಇದು ಬೇಗ ಗೊತ್ತಾಯಿತು. ಬೆಳಿಗ್ಗೆ ಗಂಟೆಯ ಸದ್ದು ಎಲ್ಲಾದರೂ ಒಂದು ಹೊಸಿಲ ಮುಂದೆ ನಿಂತುಬಿಟ್ಟರೆ ಅವಳ ಎದೆ ಹಗುರವಾಗುತ್ತಿತ್ತು. ಹಗುರವಾದದ್ದಕ್ಕೆ ನಾಚಿಕೆಯಾಗುತ್ತಿತ್ತು. ಅವಳು ದಂಡೆಗೆ ಓಡಿಹೋಗಿ, ದೋಣಿ ಹತ್ತುವವರ ಕಾಲು ಹಿಡಿದು, ‘ಕೊಟ್ಟುಬಿಡಿ, ನನ್ನ ಮಗಳಿಗಾಗಿ ನಿಮ್ಮ ಮನೆ ಯಾಕೆ ಕೆಡಿಸ್ಕೊಳ್ತೀರಿ’ ಎಂದು ಬೇಡಿಕೊಂಡಳು.

‘ನಿನ್ನ ಮಗಳಿಗಾಗಿ ಅಂತ ಯಾರು ಹೇಳಿದ್ದು?’ ಎಂದು ಗದರಿದಳು ಮೀನಿನವಳು. ‘ನಮ್ಮ ಹೊಸಿಲು ನಾವು ಗುಡಿಸ್ಕೊಳ್ತಾ ಇದೀವಿ. ದಾರಿ ಬಿಡು.’

ಮೊದಲು ದಿನಕ್ಕೊಂದು ಬಾಗಿಲು ಹೋಗುತ್ತಿತ್ತು. ಆಮೇಲೆ ಎರಡು, ಆಮೇಲೆ ಹತ್ತು. ಇಳಿತದ ಹೊತ್ತಿಗೆ ನದಿಯ ತುಂಬ ಬಾಗಿಲು. ಕೆತ್ತನೆಯ ಬಾಗಿಲು, ಬಿದಿರ ತಡಿಕೆಯ ಬಾಗಿಲು, ಮಕ್ಕಳು ಸೀಮೆಸುಣ್ಣದಲ್ಲಿ ಗೀಚಿದ ಬಾಗಿಲು. ಹೋಗುವವರು ಶಂಖ ಊದಿಕೊಂಡು ಹೋದರು. ದುಭಾಷಿ ಖಾಲಿ ಮನೆಗಳ ನಡುವೆ ಗಂಟೆ ಆಡಿಸುತ್ತ ಕೊನೆಗೆ ತನ್ನ ಮನೆಯ ಮುಂದೆ ಬಂದು ನಿಂತ. ಬೆಳಿಗ್ಗೆ ತಾನೇ ಇಟ್ಟು ಹೋದ ಎಳೆ ಹೊಸಿಲಿನ ಮೇಲಿರಲಿಲ್ಲ.

ಒಳಗಿನಿಂದ ಅವನ ಹೆಂಡತಿ ಅಂದಳು: ‘ಆ ಬುಟ್ಟಿ ಕೆಳಗಿಟ್ಟು ಒಳಗೆ ಬನ್ನಿ. ಬಟ್ಟೆಗಂಟು ಕಟ್ಟಬೇಕು.’

ದುಭಾಷಿ ಬುಟ್ಟಿ ಕೆಳಗಿಟ್ಟ. ಗಂಟೆಯನ್ನು ಕೊಳಕ್ಕೆ ಎಸೆದ. ಅವನ ಜೀವಮಾನದಲ್ಲಿ ಅವನು ದಾಟಿಸದೆ ಆಡಿದ ಮೊದಲ ಮಾತು ‘ಬಂದೆ’ ಎನ್ನುವುದು.

ಉಳಿದದ್ದು ಒಂದೇ ಮನೆ, ಹೊಸೆಯುವವಳದು. ಅವಳ ಹೊಸಿಲಿನ ಮೇಲೆ ಎಳೆ ದಿನವೂ ಇತ್ತು. ಮಗಳಿಗೆ ಮಾತು ಕೊಟ್ಟಿದ್ದಳಲ್ಲ.

ದೊರೆ ಬಂದ. ದಾಟಿಸುವವರಿರಲಿಲ್ಲ. ಅವನು ಕಲ್ಲನ್ನು ತೋರಿಸಿದ, ಅವಳ ಮನೆಯನ್ನು ತೋರಿಸಿದ, ಒಂದು ಬೆರಳು ಎತ್ತಿದ. ಊರೆಂದರೆ ಈಗ ಒಂದು ಮನೆ, ಒಂದು ಮನೆಗೆ ಒಂದು ಎಳೆ, ಕಟ್ಟಳೆ ತುಂಬಿತು. ಹೊಸಿ ಎಂದು ಸನ್ನೆ ಮಾಡಿದ.

ಅವಳು ಎಳೆಯನ್ನು ಗೂಟದ ಕೊಂಡಿಗೆ ಸಿಕ್ಕಿಸಿದಳು. ಅಂಗೈ ಒದ್ದೆ ಮಾಡಿಕೊಂಡು ತಿರುಚುತ್ತ ಹಿಂದೆ ಹಿಂದೆ ನಡೆದಳು. ಕೊಟ್ಟ ಮಾತಿನಂತೆ ಗಟ್ಟಿಯಾಗಿಯೇ ತಿರುಚಿದಳು. ಅಂಗಾಲಿಗೆ ನೀರು ತಾಗಿದಾಗ ನಿಂತು, ದೊರೆಗೆ ಕಾಣುವ ಹಾಗೆ ಕೈ ಬಿಟ್ಟಳು. ಎಳೆ ಗಿರ್ರನೆ ಹಿಂದಕ್ಕೆ ತಿರುಗಿ, ಬಿಚ್ಚಿಕೊಂಡು, ಮೊದಲಿನ ಹಾಗೆ ನಾರಾಗಿ ನೆಲದ ಮೇಲೆ ಬಿತ್ತು. ಮತ್ತೆ ತಿರುಚಿದಳು, ಮತ್ತೆ ಬಿಟ್ಟಳು. ಮತ್ತೆ ನಾರಾಯಿತು. ಇದು ಅವಳು ಹೂಡಿದ ಉಪಾಯವಲ್ಲ. ಕಸುಬು ಬಲ್ಲ ಯಾರಿಗಾದರೂ ಇದು ಗೊತ್ತು: ಒಂದು ಎಳೆ ಇನ್ನೊಂದನ್ನು ಹಿಡಿದರೇ ಹಗ್ಗ. ಒಂಟಿ ಎಳೆ ಯಾವ ತಿರುಚನ್ನೂ ಉಳಿಸಿಕೊಳ್ಳುವುದಿಲ್ಲ.

ದೊರೆಯ ಮುಖ ಕೆಂಪಾಯಿತು. ಅವನು ಕೈಗವಸು ಕಿತ್ತು ನೆಲಕ್ಕೆ ಎಸೆದ. ಆ ಊರು ಅವನ ಬರಿಗೈಯನ್ನು ಎಂದೂ ಕಂಡಿರಲಿಲ್ಲ. ಈಗ ನೋಡಲು ಊರೇ ಇರಲಿಲ್ಲ. ಅವನು ಹಡಗಿನ ಕಡೆ ಕೂಗಿ ಏನೋ ಅಪ್ಪಣೆ ಕೊಟ್ಟ. ಹಡಗಿನವರು ತಮ್ಮ ತಮ್ಮಲ್ಲಿ ಮುಖ ನೋಡಿಕೊಂಡರು. ಹಡಗಿಗೆ ಬೇಕಾದ ಹಗ್ಗವನ್ನೆಲ್ಲ ಇದೇ ಊರು ಹೊಸೆದುಕೊಡುತ್ತಿತ್ತು. ತಿಂಗಳುಗಳಿಂದ ನಾರು ಕೊಡುವವರಿಲ್ಲದೆ ಹೊಸ ಹಗ್ಗವಿಲ್ಲ, ಇದ್ದದ್ದೆಲ್ಲ ಕೊಳೆತಿತ್ತು. ಗಟ್ಟಿಯಾಗಿ ಉಳಿದದ್ದು ಹಡಗನ್ನು ಗೂಟಕ್ಕೆ ಕಟ್ಟಿದ ಹಗ್ಗವೊಂದೇ. ನೀರು ಇಳಿಯುವ ಹೊತ್ತು ಎಂದು ಅವರಲ್ಲಿ ಒಬ್ಬ ನದಿಯ ಕಡೆ ಕೈ ತೋರಿಸಿದ. ಸಿಟ್ಟು ಬಂದವನಿಗೆ ನದಿ ಕಾಣಿಸೀತೆ? ಅದನ್ನೇ ಬಿಚ್ಚಿ ತಂದರು.

ಮಗಳನ್ನು ಕರೆತಂದಾಗ ನೆತ್ತಿಯ ಮೇಲೆ ಬಿಸಿಲಿತ್ತು. ಅವಳು ಕೆಂಪಂಚಿನ ಸೀರೆ ಉಟ್ಟಿದ್ದಳು. ಬಾಗಿಲಿಲ್ಲದ ಊರನ್ನು ಆ ತುದಿಯಿಂದ ಈ ತುದಿಯವರೆಗೆ ಕಣ್ಣು ತುಂಬ ನೋಡಿದಳು. ಹಗ್ಗ ಕೊರಳಿಗೆ ಬಂದಾಗ ಅದನ್ನು ಬೆರಳಿನಿಂದ ಮುಟ್ಟಿದಳು. ಹುರಿ ಎಡಕ್ಕೆ ಓಡಿತ್ತು.

‘ಅವ್ವಾ!’ ಎಂದು ಅವಳು ದೂರದಿಂದಲೇ ಕೂಗಿದಳು. ದನಿಯಲ್ಲಿ ಚಿಕ್ಕ ಹುಡುಗಿಯ ಸಂತೋಷವಿತ್ತು. ‘ಅವ್ವಾ, ಇದು ನೀನು ಹೊಸೆದದ್ದಲ್ಲ!’

ಅಲ್ಲ ಎಂದು ತಾಯಿ ತಲೆಯಾಡಿಸಿದಳು. ಅತ್ತೆ ಹೊಸೆದದ್ದು, ಹಡಗಿನವರು ಬಂದ ಮೊದಲ ದಿನ ಪ್ರೀತಿಯಿಂದ ಹೊಸೆದುಕೊಟ್ಟದ್ದು ಎಂಬ ಮಾತನ್ನು ನುಂಗಿಕೊಂಡಳು. ಮಗಳು ನಗುತ್ತಿದ್ದಳು. ಆ ನಗು ಇರಲಿ ಎಂದು ನುಂಗಿಕೊಂಡಳು.

ಹಗ್ಗವನ್ನು ಹಡಗಿನವರೇ ಎಳೆದರು, ತಮ್ಮ ಬರಿಗೈಯಿಂದ. ಅತ್ತೆಯ ಹಗ್ಗ ಹರಿಯಲಿಲ್ಲ.

ಹೊಸೆಯುವವಳು ಕಣ್ಣು ಮುಚ್ಚಲಿಲ್ಲ. ಉಸಿರು ನಿಲ್ಲುವವರೆಗೆ ನೋಡಿದಳು. ನೋಡಿ ಮುಗಿದಾಗ ಹಿಂದಿನಿಂದ ಒಂದು ಸದ್ದು ಕೇಳಿ ಎಲ್ಲರೂ ತಿರುಗಿದರು. ಇಳಿತ ಶುರುವಾಗಿತ್ತು. ಹಡಗು ಗೂಟವನ್ನು ಒಮ್ಮೆ ಉಜ್ಜಿ, ದಂಡೆ ಬಿಟ್ಟು, ಬಾಗಿಲುಗಳು ಹೋದ ದಾರಿಯಲ್ಲೇ ನಿಧಾನವಾಗಿ ಹೊರಟಿತ್ತು. ಹಡಗಿನವರು ಕೂಗಿದರು, ಓಡಿದರು, ಸಿಕ್ಕ ಸಿಕ್ಕ ಸಣ್ಣ ದೋಣಿ ಹತ್ತಿ ಅದರ ಬೆನ್ನು ಹತ್ತಿದರು. ದೊರೆ ಮೊಣಕಾಲುದ್ದ ಕೆಸರಿನಲ್ಲಿ ಕಾಲೆಳೆದುಕೊಂಡು ಹೋಗಿ ಕೊನೆಯ ದೋಣಿಗೆ ಬಿದ್ದ. ನೋಡುತ್ತ ನೋಡುತ್ತ ಅವರು ಚುಕ್ಕಿಯಾದರು, ಆಮೇಲೆ ಚುಕ್ಕಿಯೂ ಇರಲಿಲ್ಲ. ಅವರು ಆ ಊರಿಗೆ ಮತ್ತೆ ಬರಲಿಲ್ಲ.

ತಾಯಿಗೆ ಇದರಿಂದ ಏನೂ ಅನ್ನಿಸಲಿಲ್ಲ. ಒಂದು ಗಳಿಗೆ ಮೊದಲು ಹೋಗಿದ್ದರೆ ಎಂದಷ್ಟೇ ಅನ್ನಿಸಿತು. ಮಗಳನ್ನು ಇಳಿಸಿ ಮಡಿಲಿಗೆ ಹಾಕಿಕೊಂಡಳು. ಮಗಳು ಬಹಳ ಭಾರವಾಗಿದ್ದಳು. ಗಲ್ಲುಗಂಬವನ್ನೇ ಕಡಿದು, ಆ ಕಟ್ಟಿಗೆಯಲ್ಲಿ ನದಿಯ ದಂಡೆಯ ಮೇಲೆ ಅವಳನ್ನು ಸುಟ್ಟಳು.

ಹಗ್ಗವನ್ನು ಮಾತ್ರ ಸುಡಲಿಲ್ಲ. ಅದರ ಒಂದು ತುದಿಯನ್ನು ಕೊಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಿಡಿದು, ನದಿಯ ಕಡೆಯಿಂದ ಹುರಿ ಬಿಚ್ಚುತ್ತ ಗೂಟದ ಕಡೆಗೆ ನಡೆದಳು. ಬಿಚ್ಚುವವರು ಮುಂದಕ್ಕೆ ನಡೆಯಬೇಕು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳ ಕಾಲೂ ಕಣ್ಣೂ ಒಂದೇ ದಿಕ್ಕಿಗೆ ಹೋದವು. ಹಡಗಿನ ಹಗ್ಗ ದಪ್ಪ. ಬಿಚ್ಚಿದಷ್ಟೂ ಎಳೆ ಇತ್ತು. ದಿನಗಟ್ಟಲೆ ಬಿಚ್ಚಿ, ತೊಳೆದು, ಬಿದಿರ ಗಳುವಿನ ಮೇಲೆ ಒಣಹಾಕಿದಳು.

ಹುಣ್ಣಿಮೆಯ ದೊಡ್ಡ ಉಬ್ಬರ ಬಂದ ಬೆಳಿಗ್ಗೆ ನದಿ ಹಿಂದಕ್ಕೆ ಹರಿಯುತ್ತ ಬಾಗಿಲುಗಳನ್ನು ತಂದಿತು. ಸಮುದ್ರದ ಬಾಯಿಯ ಹೂಳಿನಲ್ಲಿ ಸಿಕ್ಕಿಕೊಂಡಿದ್ದವು, ಉಪ್ಪು ಹಿಡಿದು ಬೆಳ್ಳಗಾಗಿದ್ದವು. ಅವಳು ಸೊಂಟದುದ್ದ ನೀರಿನಲ್ಲಿ ನಿಂತು ಒಂದೊಂದನ್ನೂ ದಂಡೆಗೆ ಎಳೆದು, ಅದರದರ ಮನೆಗೆ ಒಯ್ದು ಗೋಡೆಗೆ ಒರಗಿಸಿದಳು. ಕೆಲವು ಬಂದೇ ಇಲ್ಲ.

ಬಾಗಿಲುಗಳ ಹಿಂದೆ ಜನ ಬಂದರು. ದ್ವೀಪದ ಕಾವಲಿನವರಿಗೆ ಅನ್ನ ತರುತ್ತಿದ್ದದ್ದೂ ಆ ಹಡಗೇ. ಅದು ಬಾರದೆ ಹೋದಾಗ ಕಾವಲು ತಾನಾಗಿ ಕರಗಿತು. ದೋಣಿಗಳು ಬಂದವು. ಅವುಗಳಲ್ಲಿ ಹೋದವರೆಲ್ಲ ಇರಲಿಲ್ಲ. ಬಳೆಯವನಿರಲಿಲ್ಲ. ಮೇಷ್ಟ್ರ ತಮ್ಮ ಇರಲಿಲ್ಲ. ಬಂದವರು ಮೆಲ್ಲಗೆ ತಮ್ಮ ತಮ್ಮ ಮನೆ ಹುಡುಕಿಕೊಂಡರು. ಹೊಸೆಯುವವಳು ಮನೆಮನೆಗೂ ಹೋಗಿ, ಬಾಗಿಲನ್ನು ಚೌಕಟ್ಟಿಗೆ ಬಿಗಿಯಲು, ಹೊಸಿಲಿನ ಮೇಲೆ ಒಂದೊಂದು ಎಳೆ ಇಟ್ಟುಬಂದಳು. ಅದು ಯಾವ ಹಗ್ಗದ ಎಳೆ ಎಂದು ಕೇಳಿದವರಿಗೆ ಹೇಳಿದಳು. ಕೇಳದವರಿಗೂ ಹೇಳಿದಳು.

ಕೊನೆಗೆ ಉಳಿದದ್ದು ಗಾಡಿಯವನ ಮನೆ. ಗಾಡಿಯವನ ಹೆಂಡತಿ ಕೂದಲೆಲ್ಲ ಬೆಳ್ಳಗಾಗಿ, ಒರಗಿಸಿಟ್ಟ ಬಾಗಿಲಿನ ಎದುರು ನಿಂತಿದ್ದಳು.

‘ನಡುವಿನ ಎಳೆ ಯಾವುದು?’ ಎಂದು ಕೇಳಿದಳು.

ಹೊಸೆಯುವವಳು ಸೆರಗಿನ ಗಂಟು ಬಿಚ್ಚಿ ಅದನ್ನು ತೆಗೆದಳು. ಬೇರೆಲ್ಲ ಎಳೆಗಳು ಬಿಸಿಲಿಗೆ, ಉಪ್ಪಿಗೆ ಕಂದಿದ್ದವು. ಇದು ಅತ್ತೆ ಹೊಸೆದ ದಿನದ ಹಾಗೆಯೇ ಹೊಂಬಣ್ಣವಾಗಿತ್ತು.

‘ನಿನ್ನದು ಅಂತ ಇಟ್ಟಿದ್ದೆ. ಅವಳ ಮಾತಿತ್ತಲ್ಲ.’

ಗಾಡಿಯವನ ಹೆಂಡತಿ ಎಳೆಯನ್ನು ತೆಗೆದುಕೊಂಡಳು. ಬೆರಳಿಗೆ ಸುತ್ತಿದಳು, ಬಿಚ್ಚಿದಳು.

‘ನಾನು ಇನ್ನೂ ಕ್ಷಮಿಸಿಲ್ಲ ಅಕ್ಕಾ.’

‘ಗೊತ್ತು.’

‘ಅವಳು ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.’

ಹೊಸೆಯುವವಳಿಗೆ ಅಳು ಬಂತು. ಅಷ್ಟು ದಿನವೂ ಬಾರದೆ ಇದ್ದದ್ದು ಆಗ ಬಂತು. ಚೌಕಟ್ಟಿಗೆ ಒರಗಿ, ಮುಖ ಮುಚ್ಚಿಕೊಳ್ಳದೆ, ಹೆಣ್ಣುಮಗಳನ್ನು ಕಳೆದುಕೊಂಡ ತಾಯಿ ಅಳಬೇಕಾದ ಹಾಗೆ ಅತ್ತಳು. ಗಾಡಿಯವನ ಹೆಂಡತಿ ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳು ಬಾಗಿಲನ್ನು ಎತ್ತಲು ನೋಡಿದಳು. ಮಾವಿನ ಹಲಗೆ ನೀರು ಕುಡಿದು ಭಾರವಾಗಿತ್ತು.

‘ಆ ಕಡೆ ಹಿಡಿ’ ಎಂದಳು. ‘ಒಬ್ಬಳಿಂದ ಆಗೋ ಕೆಲಸ ಅಲ್ಲ ಇದು.’

ಹೊಸೆಯುವವಳು ಕಣ್ಣು ಒರೆಸಿಕೊಂಡು ಆ ಕಡೆ ಹಿಡಿದಳು.